ಬಾಗಿಲ ಬಣ್ಣದ ಕೆಳಗೆ

‘ಮೇಲೆಲ್ಲಾ ಥಳುಕು, ಒಳಗೆಲ್ಲಾ ಹುಳುಕು’ ಅಂತ ಒಂದು ಗಾದೆ ಐತೆ. ಮನುಷ್ಯರ ಬಗ್ಗೆ ಆಡುವ ಮಾತಾದರೂ ಇದು ಮರದ ಮಾತು. ಬಣ್ಣ ಮಿಂಚುವ ಬಾಗಿಲು ಎರಡು ಮಳೆಗಾಲಕ್ಕೇ ಹಪ್ಪಳದಂತೆ ಎದ್ದು ಉದುರುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಓಣಿಯಲ್ಲಿ ಅಜ್ಜನ ಕಾಲದ ಬಾಗಿಲೊಂದು ಕಪ್ಪಾಗಿ, ಎಣ್ಣೆ ಕುಡಿದು, ಕಲ್ಲಿನಂತೆ ನಿಂತಿರುತ್ತದೆ. ‘ಆಗಿನ ಮರ ಹಂಗಿತ್ತು ಬಿಡ್ರಿ’ ಅಂತ ನಾವು ಮಾತು ಮುಗಿಸಿಬಿಡುತ್ತೇವೆ. ಅದು ಅರ್ಧ ನಿಜ. ಉಳಿದರ್ಧ ಇರುವುದು ಮರಕ್ಕೂ ಬಣ್ಣಕ್ಕೂ ನಡುವೆ ಹಾಕುವ ತಳದಲ್ಲಿ. ಈಗ ಅದಕ್ಕೆ ಪ್ರೈಮರ್ ಅನ್ನುತ್ತೇವೆ. ಹಿಂದೆ ಲೇಪ, ಕಿಟ್ಟ, ಎಣ್ಣೆ, ಅರಗು ಅಂತ ಬೇರೆ ಬೇರೆ ಹೆಸರಿದ್ದವು.

ಈ ತಳದ ಕೆಲಸಕ್ಕೆ ಒಂದು ಚರಿತ್ರೆ ಇದೆ. ರಾಜರ ಚರಿತ್ರೆಯಂತೆ ಕೋಟೆಯ ಮೇಲೆ ಕಾಣುವುದಲ್ಲ ಅದು. ಮಾಡಿ ಮುಗಿಸಿದ ಮೇಲೆ ಮುಚ್ಚಿಹೋಗುವ ಕೆಲಸ. ಕಾಣದ ಕೆಲಸಕ್ಕೆ ಕೂಲಿ ಕೊಡಲು ಮನಸ್ಸು ಬಾರದೆ ಇರುವುದರಿಂದಲೇ ಅದು ನಮ್ಮ ಕಣ್ಣೆದುರಿಗೆ ಕಳೆದುಹೋಗುತ್ತಿದೆ. ಎಲ್ಲಿಂದ ಬಂತು, ಯಾರು ಮಾಡಿದರು, ಹೇಗೆ ಕೈತಪ್ಪಿತು, ಈಗ ನಾವು ಏನು ಮಾಡಬಹುದು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮರ ಸತ್ತಿಲ್ಲ

ಮೊದಲು ಮರದ ಗುಣ ತಿಳಿಯಬೇಕು. ಕಡಿದು ಹಲಗೆ ಮಾಡಿದ ಮೇಲೂ ಮರ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ನೂರಕ್ಕೆ 30 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇಕಡಾ 6ರ ಆಸುಪಾಸು ನಿಲ್ಲುತ್ತದೆ. ಗಾಳಿಯ ತೇವ 70ಕ್ಕೆ ಏರಿದರೆ ಮರದ ನೀರು ಶೇಕಡಾ 13ರ ಹತ್ತಿರ ಹೋಗುತ್ತದೆ. ನಮ್ಮ ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಏಪ್ರಿಲ್, ಮೇ ತಿಂಗಳ ಗಾಳಿಗೆ ಹಲಗೆ ಸೊರಗಿ ಸಂದು ಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಅದೇ ಹಲಗೆ ಉಬ್ಬಿ ಬಾಗಿಲು ಹೊಸ್ತಿಲಿಗೆ ಒತ್ತುತ್ತದೆ. ‘ಬಾಗ್ಲು ಹಿಡಕೊಂಡೈತೆ’ ಅನ್ನುವುದು ಆಗಲೇ.

ಮರ ಉಬ್ಬುವುದು ಅಡ್ಡಕ್ಕೆ. ಉದ್ದಕ್ಕೆ ಉಬ್ಬುವುದು ತೀರ ಕಡಿಮೆ. ಹಲಗೆಯ ತುದಿಯಲ್ಲಿ, ಅಂದರೆ ಗರಗಸ ಕೊಯ್ದ ಕಡೆಯಲ್ಲಿ, ಮರದ ನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅಲ್ಲಿಂದ ನೀರು ಮುಖದ ಕಡೆಗಿಂತ ಹಲವು ಪಟ್ಟು ಬೇಗ ಒಳಗೆ ನುಗ್ಗುತ್ತದೆ. ಬಾಗಿಲು ಯಾವಾಗಲೂ ಕೆಳತುದಿಯಿಂದ ಕೊಳೆಯುವುದು ಇದಕ್ಕೇ. ಮುಂದೆ ಹಿಂದೆ ಬಣ್ಣ ಹೊಡೆದು ಕೆಳಅಂಚು ಬಿಟ್ಟರೆ, ಕೊಡಕ್ಕೆ ಮುಚ್ಚಳ ಹಾಕಿ ತಳಕ್ಕೆ ತೂತು ಬಿಟ್ಟಂಗೆ.

ಇನ್ನೊಂದು ಸಂಗತಿ. ಒಣಮರ ಬಣ್ಣದೊಳಗಿನ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಎಣ್ಣೆ ಒಳಗೆ ಹೋದರೆ ಮೇಲೆ ಉಳಿಯುವುದು ಬರೀ ಪುಡಿ. ಅದಕ್ಕೆ ಹಿಡಿತವಿಲ್ಲ, ಉದುರುತ್ತದೆ. ಹಾಗಾಗಿ ತಳಕ್ಕೆ ಎರಡು ಕೆಲಸ: ಮರದ ಬಾಯಿ ಮುಚ್ಚುವುದು, ಮೇಲಿನ ಬಣ್ಣಕ್ಕೆ ಹಿಡಿತ ಕೊಡುವುದು. ನಮ್ಮ ಹಿರಿಯರು ಮಾಡಿದ ಪ್ರಯೋಗವೆಲ್ಲ ಈ ಎರಡರ ಸುತ್ತಲೇ.

ವಜ್ರಲೇಪ

ನಮ್ಮ ದೇಶದ ಹಳೆಯ ಗ್ರಂಥಗಳಲ್ಲಿ ಇದರ ಪಾಕ ಸಿಗುತ್ತದೆ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪ ಮಾಡುವ ಬಗೆ ಹೇಳಿದ್ದಾನೆ. ಎಳೆಯ ತೂಬರೆ ಕಾಯಿ, ಎಳೆಯ ಬೇಲದ ಕಾಯಿ, ಬೂರುಗದ ಹೂವು ಮುಂತಾದವನ್ನು ನೀರಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲಿಗೆ ಇಳಿಸಬೇಕು. ಅದಕ್ಕೆ ಗುಗ್ಗುಳ, ರಾಳ, ಕರಿಗೇರು, ಅಗಸೆ, ಬಿಲ್ವದ ಕಾಯಿ ಅರೆದು ಕೂಡಿಸಿ ಬಿಸಿ ಇರುವಾಗಲೇ ಹಚ್ಚಬೇಕು. ದೇಗುಲ, ಉಪ್ಪರಿಗೆ, ಪ್ರತಿಮೆ, ಗೋಡೆ, ಬಾವಿ ಎಲ್ಲಕ್ಕೂ ಆಗುತ್ತದೆ ಅಂತ ಹೇಳಿ, ಕೋಟಿ ವರ್ಷ ಬಾಳುತ್ತದೆ ಅಂತ ಹೊಗಳಿದ್ದಾನೆ. ಹೊಗಳಿಕೆ ಇರಲಿ, ಸಾಮಾನು ನೋಡ್ರಿ. ಕರಿಗೇರು ಅಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಬೀಜ. ಒಗೆದರೂ ಹೋಗದ ಕಪ್ಪು. ಜಪಾನಿನಲ್ಲಿ ಮರದ ಬಟ್ಟಲಿಗೆ ಕನ್ನಡಿಯಂಥ ಹೊಳಪು ಕೊಡುವ ಉರುಶಿ ಅನ್ನುವ ಮರದ ಹಾಲೂ ಇದೇ ಗೇರು, ಮಾವಿನ ಕುಟುಂಬದ್ದು. ಎಲ್ಲೆಲ್ಲಿ ಈ ಜಾತಿಯ ಮರ ಇತ್ತೋ ಅಲ್ಲಲ್ಲಿ ಜನ ಅದರ ಸೊನೆಯ ಗುಣ ಕಂಡುಕೊಂಡಿದ್ದರು.

ಎರಡನೆಯ ಸಾಕ್ಷಿ ನಮಗೆ ಇನ್ನೂ ಹತ್ತಿರದ್ದು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಅನ್ನುವ ಸಂಸ್ಕೃತ ಗ್ರಂಥ ರಚಿಸಿದ. ಬೀದರ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. ಬಳ್ಳಾರಿ ಸೀಮೆಯೂ ಆಗ ಆ ರಾಜ್ಯಕ್ಕೇ ಸೇರಿತ್ತು. ಅಡುಗೆ, ಆನೆ, ಆಟ ಎಲ್ಲದರ ಬಗ್ಗೆ ಬರೆದ ಈ ಅರಸು ಚಿತ್ರ ಬರೆಯುವುದಕ್ಕೂ ಒಂದು ಅಧ್ಯಾಯ ಇಟ್ಟಿದ್ದಾನೆ. ಅದರಲ್ಲಿ ಬಣ್ಣಕ್ಕಿಂತ ಮೊದಲು ತಳದ ಮಾತು ಬರುತ್ತದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿ ಮಾಡಿ ಬಿಸಿಲಿಗೆ ಒಣಗಿಸಬೇಕು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ ಬಿಳಿಮಣ್ಣಿನ ಜೊತೆ ಕಲಸಿ ಗೋಡೆಗೆ ಮೂರು ಸಲ ತೆಳ್ಳಗೆ ಹಚ್ಚಬೇಕು. ಪ್ರತಿ ಸಲವೂ ಒಣಗಬೇಕು. ಅದರ ಮೇಲೆ ನುಣುಪಾದ ಬಿಳಿ ಲೇಪ. ಆಮೇಲೆ ಚಿತ್ರ. ಇದು ಗೋಡೆಯ ಪಾಠವಾದರೂ ಅಂಟು, ಬಿಳಿಮಣ್ಣು, ತೆಳುವಾದ ಮೂರು ಕೋಟು ಅನ್ನುವ ಕ್ರಮ ಮರಕ್ಕೂ ಅದೇ. ಇವತ್ತಿನ ಪ್ರೈಮರ್ ಡಬ್ಬಿಯ ಮೇಲೆ ‘ತೆಳ್ಳಗೆ ಹಚ್ಚಿ, ಒಣಗಲು ಬಿಡಿ’ ಅಂತ ಬರೆದಿರುವುದೂ ಇದನ್ನೇ.

ಕಿನ್ನಾಳದ ಕಿಟ್ಟ

ಗ್ರಂಥದ ಮಾತು ಕೈಕೆಲಸವಾಗಿ ಉಳಿದಿರುವುದನ್ನು ನೋಡಬೇಕಾದರೆ ನಾವು ಬಹಳ ದೂರ ಹೋಗಬೇಕಿಲ್ಲ. ಬಳ್ಳಾರಿ, ಹೊಸಪೇಟೆ ದಾಟಿದರೆ ಕೊಪ್ಪಳ. ಕೊಪ್ಪಳದ ಪಕ್ಕದಲ್ಲೇ ಕಿನ್ನಾಳ. ಅಲ್ಲಿಯ ಚಿತ್ರಗಾರರು ಮರದ ಗೊಂಬೆ, ದೇವರ ಮೂರ್ತಿ, ಗರುಡ, ಹನುಮಂತ, ತೊಟ್ಟಿಲು, ಪಲ್ಲಕ್ಕಿಗಳಿಗೆ ಹೆಸರಾದವರು. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಚಿತ್ರ ಬರೆದವರು ತಮ್ಮ ಹಿರಿಯರೇ ಅಂತ ಅವರಲ್ಲಿ ಹೇಳಿಕೆ ಇದೆ. ಈಗ ಕಿನ್ನಾಳದ ಗೊಂಬೆಗೆ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿದೆ.

ಅವರ ಕೆಲಸದಲ್ಲಿ ನಾವು ಹೊಗಳುವುದು ಬಣ್ಣವನ್ನು. ಆದರೆ ದಿನಗಳು ಖರ್ಚಾಗುವುದು ಬಣ್ಣದ ಕೆಳಗೆ. ಹಗುರ ಮರವನ್ನು ಕೆತ್ತಿ, ಕೈಕಾಲು ತಲೆ ಬೇರೆ ಬೇರೆ ಮಾಡಿ, ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಚೀಲದ ಹಳೇ ತುಂಡನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು, ಹುಣಸೆಬೀಜದ ಸರಿ ಕೂಡಿಸಿದರೆ ‘ಕಿಟ್ಟ’. ಇದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಬಳಿಯುತ್ತಾರೆ. ಸಂದು, ಗಂಟು, ಉಳಿಯ ಗುರುತು ಎಲ್ಲ ಮುಚ್ಚಿಹೋಗುತ್ತವೆ. ಅದರ ಮೇಲೆ ಸಣ್ಣ ಸಣ್ಣ ಹತ್ತಿಬಟ್ಟೆಯ ತುಂಡು ಅಂಟಿಸುತ್ತಾರೆ. ಬಟ್ಟೆಯ ಮೇಲೆ ಬೆಣಚುಕಲ್ಲಿನ ನುಣುಪು ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚುತ್ತಾರೆ. ಒಡವೆ, ಕಿರೀಟದ ಉಬ್ಬು ಕೆಲಸಕ್ಕೂ ಇದೇ ಕಲ್ಲಿನ ಸರಿ. ಇಷ್ಟೆಲ್ಲ ಆದ ಮೇಲೆ ಬಣ್ಣದ ಕುಂಚ ಕೈಗೆ ಬರುತ್ತದೆ.

ಬಟ್ಟೆ ಯಾಕೆ ಅಂತ ಕೇಳಬಹುದು. ಎರಡು ತುಂಡು ಮರ ಕೂಡಿದ ಕಡೆ ಬೇಸಿಗೆಗೆ ಸಂದು ಬಿಡುತ್ತದೆ. ಬರೀ ಲೇಪ ಇದ್ದರೆ ಅದು ಕೂದಲೆಳೆಯಂತೆ ಸೀಳುತ್ತದೆ. ಬಟ್ಟೆ ಇದ್ದರೆ ಆ ಎಳೆತವನ್ನು ತಾನು ತಡೆದುಕೊಳ್ಳುತ್ತದೆ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನವರು ಶವಪೆಟ್ಟಿಗೆಯ ಮರಕ್ಕೆ ನಾರುಬಟ್ಟೆ ಅಂಟಿಸಿ ಸುಣ್ಣಕಲ್ಲಿನ ಲೇಪ ಕೊಡುತ್ತಿದ್ದರು. ಯುರೋಪಿನಲ್ಲೂ ಚಿತ್ರಗಾರರು ಹಲಗೆಯ ಮೇಲೆ ಬಟ್ಟೆ ಹಾಸಿ, ಅಂಟು ಬಿಳಿಮಣ್ಣು ಹಚ್ಚಿ, ಆಮೇಲೆ ಏಸುವಿನ ಚಿತ್ರ ಬರೆದರು. ಒಬ್ಬರಿಗೊಬ್ಬರು ಹೇಳಿಕೊಟ್ಟಿರಲೇಬೇಕು ಅಂತಿಲ್ಲ. ಮರದ ಗುಣ ಎಲ್ಲಿ ಹೋದರೂ ಒಂದೇ.

ನಮ್ಮ ರಾಜ್ಯದ ಆ ಕೊನೆಗೆ, ವಿಜಯವಾಡದ ಹತ್ತಿರ ಕೊಂಡಪಲ್ಲಿ ಇದೆ. ಅಲ್ಲಿಯ ಗೊಂಬೆಗೆ ತೆಲ್ಲ ಪೊಣಿಕಿ ಅನ್ನುವ ಹಗುರ ಮರ. ಅಲ್ಲಿಯೂ ಹುಣಸೆಬೀಜದ ಅಂಟು, ಮರದ ಹೊಟ್ಟು ಕಲಸಿದ ‘ಮಕ್ಕು’ ಹಾಕಿ, ಸುಣ್ಣದ ತಳ ಕೊಟ್ಟು ಬಣ್ಣ ಬಳಿಯುತ್ತಾರೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ನಡುವೆ ನಾವು. ಎರಡೂ ಕಡೆ ಮರವನ್ನು ಕಾಪಾಡಿದ್ದು ಹುಣಸೆಬೀಜ.

ಹುಣಸೆಬೀಜದ ಅಂಟು ನಮಗೆ ಹೊಸದೇನಲ್ಲ. ಕಂಬಳಿ ನೇಯುವ ಕುರುಬರು ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಗಂಜಿ ಮಾಡಿ ಉಣ್ಣೆಯ ಹಾಸಿಗೆ ತಿಕ್ಕುವುದನ್ನು ಹಿರಿಯರು ನೋಡಿಯೇ ಇರುತ್ತಾರೆ. ಎಳೆ ಬಿಗಿಯಾಗಿ, ಮಗ್ಗದಲ್ಲಿ ಹರಿಯದೆ ನಿಲ್ಲುತ್ತದೆ. ಉಣ್ಣೆಗೆ ಗಂಜಿಯಾದದ್ದೇ ಮರಕ್ಕೆ ತಳ. ಬರಗಾಲದ ಸೀಮೆಯಲ್ಲಿ ಹುಣಸೆ ಒಂದೇ ಮರ, ಎಷ್ಟು ಕಸುಬಿಗೆ ಆಯಿತು ನೋಡ್ರಿ.

ಒಂದು ಮಾತು ಇಲ್ಲೇ ಹೇಳಬೇಕು. ಚಿತ್ರಗಾರರಲ್ಲಿ ಕೆತ್ತುವವರೂ, ತಳ ಹಾಕುವವರೂ, ಬಣ್ಣ ಬಳಿಯುವವರೂ ಒಂದೇ ಮನೆಯವರು. ತಳ ಕೆಟ್ಟರೆ ಹೆಸರು ಕೆಡುವುದು ಆ ಮನೆಯದ್ದೇ. ಹಾಗಾಗಿ ಕಾಣದ ಕೆಲಸದಲ್ಲಿ ಮೋಸಕ್ಕೆ ಜಾಗ ಇರಲಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಜಾತ್ರೆಗೆ ಮುಂಚೆ ಮರದ ದ್ಯಾಮವ್ವನನ್ನು ಬಣ್ಣಕ್ಕೆ ಕೂರಿಸುವ ಪದ್ಧತಿ ಇದೆ. ದೇವಿಯ ಮೈ ತೊಳೆದು, ಒಡೆದ ಕಡೆ ತುಂಬಿ, ತಳ ಕೊಟ್ಟು ಬಣ್ಣ ಹಚ್ಚುವವರೆಗೆ ಮುಖ ಕಾಣುವಂತಿಲ್ಲ. ಭಕ್ತಿಯ ಮಾತು ಬೇರೆ. ಆದರೆ ತಳ ಒಣಗುವವರೆಗೆ ಯಾರೂ ಅವಸರ ಮಾಡದಂತೆ ಕಾದದ್ದೂ ಆ ಪದ್ಧತಿಯೇ.

ಅರಗು

ಮಹಾಭಾರತದ ಅರಗಿನ ಮನೆಯ ಕಥೆ ಗೊತ್ತಿಲ್ಲದವರಿಲ್ಲ. ಮುತ್ತುಗ, ಬೋರೆ ಮುಂತಾದ ಗಿಡಗಳ ಕೊಂಬೆ ಮೇಲೆ ಒಂದು ಸಣ್ಣ ಹುಳ ಕೂತು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡೇ ಅರಗು. ಮರವನ್ನು ಮುಚ್ಚುವುದಕ್ಕೆ ಇದರಂಥ ವಸ್ತು ಇನ್ನೊಂದಿಲ್ಲ.

ಚನ್ನಪಟ್ಟಣದಲ್ಲಿ ಅರಗನ್ನು ಬಳಸುವ ರೀತಿಯೇ ಬೇರೆ. ಅಲ್ಲಿ ಆಲೆಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಚರಕಿಗೆ ಹಾಕಿ ತಿರುಗಿಸುತ್ತಾರೆ. ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ರಂಧ್ರಕ್ಕೆ ಇಳಿಯುತ್ತದೆ. ಗರಿಯಿಂದ ಒತ್ತಿ ತಿಕ್ಕಿದರೆ ಹೊಳಪು. ಅಲ್ಲಿ ತಳ, ಬಣ್ಣ, ಹೊಳಪು ಮೂರೂ ಒಂದೇ ವಸ್ತು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿ ಈ ಕಸುಬು ಬೆಳೆಸಿದ ಅಂತ ಹೇಳುತ್ತಾರೆ. ಒಂದು ವಿಷಯ ಮಾತ್ರ ಗಟ್ಟಿ: ಹಸಿಮರಕ್ಕೆ ಅರಗು ಹಿಡಿಯುವುದಿಲ್ಲ. ಒಣಗಿಸುವುದೇ ಅಲ್ಲಿಯ ಮೊದಲನೆಯ ತಳ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತಿಕ್ಕುವುದು 19ನೇ ಶತಮಾನದಲ್ಲಿ ಯುರೋಪಿನಲ್ಲಿ ಜೋರಾಯಿತು. ಅದಕ್ಕೇ ಫ್ರೆಂಚ್ ಪಾಲಿಶ್ ಅನ್ನುವ ಹೆಸರು. ಹೆಸರು ಫ್ರೆಂಚರದ್ದು, ಅರಗು ನಮ್ಮ ದೇಶದ್ದು. ವಿನೈಲ್ ಬರುವ ಮೊದಲು ಗ್ರಾಮಫೋನ್ ತಟ್ಟೆಗಳನ್ನೂ ಅರಗಿನಿಂದಲೇ ಮಾಡುತ್ತಿದ್ದರು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. 1962ರ ಚುನಾವಣೆಯಿಂದ ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಂದಲೇ ಬರುತ್ತಿದೆ. ಅದಕ್ಕೆ ಅದರ ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ಅದು ಹುಟ್ಟಿದ್ದು ಮರಕ್ಕೂ ಕಬ್ಬಿಣಕ್ಕೂ ಮೈಹೊದಿಕೆ ಕೊಡುವುದಕ್ಕೆ.

ಅರಗಿಗೆ ಇನ್ನೊಂದು ಗುಣ ಇದೆ. ಮರದೊಳಗಿನ ಬಣ್ಣ ಹೊರಗೆ ಬಾರದಂತೆ ತಡೆಯುತ್ತದೆ. ಹೊನ್ನೆ ಮರದ ಲೋಟಕ್ಕೆ ನೀರು ಹಾಕಿಟ್ಟರೆ ನೀರಿಗೆ ಬಣ್ಣ ಇಳಿಯುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಬಹುದು. ಅದೇ ಹೊನ್ನೆಯ ಬಾಗಿಲಿಗೆ ಬಿಳಿಬಣ್ಣ ಹೊಡೆದರೆ ಆ ಕಲೆ ಮೇಲಕ್ಕೆ ಬರುತ್ತದೆ. ಮರದ ಗಂಟಿನಿಂದ ಮೇಣವೂ ಹಂಗೇ ಒಸರುತ್ತದೆ. ಎಷ್ಟು ಕೋಟು ಬಣ್ಣ ಹೊಡೆದರೂ ನಿಲ್ಲದ ಕಲೆ ಒಂದು ಕೋಟು ಅರಗಿಗೆ ನಿಲ್ಲುತ್ತದೆ.

ಎಣ್ಣೆ, ಕೆಮ್ಮಣ್ಣು

ಗುಡಿ, ಅರಮನೆ ಬಿಡ್ರಿ. ರೈತನ ಮನೆಯ ಬಾಗಿಲಿಗೆ ಏನು? ಎಣ್ಣೆ. ಆದರೆ ಎಲ್ಲ ಎಣ್ಣೆಯೂ ಒಂದಲ್ಲ. ಅನಂತಪುರ ಜಿಲ್ಲೆ ಅಂದರೆ ಶೇಂಗಾ. ಶೇಂಗಾ ಎಣ್ಣೆ ಮರಕ್ಕೆ ಹಚ್ಚಿದರೆ ಒಣಗುವುದಿಲ್ಲ. ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊಂಗೆ ಎಣ್ಣೆಯೂ ಒಣಗುವ ಎಣ್ಣೆಯಲ್ಲ. ಅದರ ಕಹಿಗೆ ಹುಳ ದೂರ ಇರುತ್ತದೆ, ಆದರೆ ಅದರ ಮೇಲೆ ಬಣ್ಣ ಕೂಡುವುದಿಲ್ಲ. ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹಿಡಿದುಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಚರ್ಮದಂತೆ ಪೊರೆ ಕಟ್ಟುತ್ತದೆ. ಕುಸುಬೆ ಎಣ್ಣೆಗೂ ಸ್ವಲ್ಪ ಮಟ್ಟಿಗೆ ಈ ಗುಣ ಇದೆ. ಅಗಸೆ, ಕುಸುಬೆ ಎರಡೂ ನಮ್ಮ ಮಗ್ಗುಲಿನ ಎರೆಹೊಲದ ಬೆಳೆ. ಲೋಕದ ಎಣ್ಣೆಬಣ್ಣಕ್ಕೆಲ್ಲ ಬಹುಕಾಲ ಆಧಾರವಾದದ್ದು ಈ ಅಗಸೆಯೇ.

ಎಣ್ಣೆಗೆ ಕೂಡಿಸಲು ಬಣ್ಣ ಬೇಕಲ್ಲ? ಅದು ನಮ್ಮ ಗುಡ್ಡದಲ್ಲೇ ಇದೆ. ಓಬಳಾಪುರದಿಂದ ಸಂಡೂರಿನವರೆಗೆ ಹಬ್ಬಿದ ಗುಡ್ಡಗಳ ಕೆಂಪು ಅದಿರು ಹೆಮಟೈಟ್. ಅಂದರೆ ಕಬ್ಬಿಣದ ಆಕ್ಸೈಡ್. ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್‌ನೊಳಗಿನ ಕೆಂಪೂ ಇದೇ ಕಬ್ಬಿಣದ ಆಕ್ಸೈಡ್. ಅಜ್ಜಿಯರು ಕಟ್ಟೆಗೆ ಬಳಿಯುತ್ತಿದ್ದ ಕೆಮ್ಮಣ್ಣಿನ ಬಣ್ಣವೂ ಅದರದ್ದೇ. ಈ ಕೆಂಪು ಬಿಸಿಲಿಗೆ ಮಾಸುವುದಿಲ್ಲ. ಬಿಸಿಲಿನ ಕಿರಣ ಮರಕ್ಕೆ ತಾಗದಂತೆ ತಡೆಯುತ್ತದೆ. ಇದೇ ಗುಡ್ಡದ ಧೂಳು ಲಾರಿಯಿಂದ ಎದ್ದು ಬಾಗಿಲು, ಬೆಳೆ, ಬಟ್ಟೆ ಎಲ್ಲದರ ಮೇಲೆ ಕೂತದ್ದನ್ನು ಗಣಿಯ ಕಾಲದಲ್ಲಿ ಕಂಡವರು ನಾವು. ಎಣ್ಣೆಯಲ್ಲಿ ಕಲಸಿದರೆ ಕಾಯುವ ಮಣ್ಣು, ಗಾಳಿಗೆ ಬಿಟ್ಟರೆ ಕಾಡುವ ಮಣ್ಣು.

ಡಬ್ಬಿ ಬಂದ ಮೇಲೆ

1902ರಲ್ಲಿ ಕಲ್ಕತ್ತೆಯ ಹತ್ತಿರ ಹೌರಾದಲ್ಲಿ ಶಾಲಿಮಾರ್ ಕಂಪನಿ ಬಣ್ಣದ ದೊಡ್ಡ ಕಾರ್ಖಾನೆ ತೆರೆಯಿತು. 1942ರಲ್ಲಿ ಬೊಂಬಾಯಿಯಲ್ಲಿ ಏಷಿಯನ್ ಪೇಂಟ್ಸ್ ಶುರುವಾಯಿತು. ಬಣ್ಣ ಡಬ್ಬಿಯಲ್ಲಿ ಹಳ್ಳಿಗೆ ಬಂತು. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯ ಪಾಲಾಯಿತು. ಕಾಗದದಲ್ಲಿ ಗಡಿ ಬಂದರೂ ಸಾಮಾನಿಗೆ ನಮಗೆ ಹತ್ತಿರದ ದೊಡ್ಡ ಪೇಟೆ ಬಳ್ಳಾರಿಯೇ. ಪೇಂಟರ್‌ಗಳ ಬಾಯಲ್ಲಿ ಎರಡೂ ಭಾಷೆಯ ಮಾತು ಕಲೆತವು. ಪುಟ್ಟಿಗೆ ‘ಲಪ್ಪಂ’ ಅನ್ನುವುದು ಹಂಗೇ ಬಂದದ್ದು.

ಡಬ್ಬಿಯಿಂದ ಅನುಕೂಲ ಆಯಿತು, ಸುಳ್ಳಲ್ಲ. ಬೀಜ ಹುರಿಯುವ, ಕಲ್ಲು ಅರೆಯುವ ಕಷ್ಟ ತಪ್ಪಿತು. ಆದರೆ ಕೆಲಸ ಎರಡು ಹೋಳಾಯಿತು. ಬಡಗಿ ಬಾಗಿಲು ಮಾಡಿ, ನಿಲ್ಲಿಸಿ, ಕೂಲಿ ತಗೊಂಡು ಹೋದ. ಪೇಂಟರ್ ಬರುವುದು ಗೃಹಪ್ರವೇಶಕ್ಕೆ ಎಂಟು ದಿನ ಇರುವಾಗ. ಅಷ್ಟರಲ್ಲಿ ಚೌಕಟ್ಟು ಹಸಿಗೋಡೆಯ ನೀರು ಕುಡಿದಿರುತ್ತದೆ, ಬಾಗಿಲು ಒಂದು ಮಳೆ ಕಂಡಿರುತ್ತದೆ. ಬಾಗಿಲು ನಿಂತ ಮೇಲೆ ಅದರ ಕೆಳಅಂಚಿಗೆ ಕುಂಚ ಹೋಗುವುದಿಲ್ಲ. ಗೋಡೆಗೆ ತಾಗಿದ ಚೌಕಟ್ಟಿನ ಬೆನ್ನಿಗಂತೂ ಮೊದಲೇ ಇಲ್ಲ. ತಳ ಬಡಗಿಯದ್ದೂ ಅಲ್ಲ, ಪೇಂಟರದ್ದೂ ಅಲ್ಲ, ಯಾರದ್ದೂ ಅಲ್ಲ. ಮನೆಯವರೂ ಚದರ ಅಡಿಗೆ ಇಷ್ಟು ಅಂತ ಗುತ್ತಿಗೆ ಕೊಟ್ಟು ಮೇಲಿನ ಹೊಳಪನ್ನಷ್ಟೇ ನೋಡಿ ದುಡ್ಡು ಎಣಿಸುತ್ತಾರೆ. ತಪ್ಪು ಒಬ್ಬರದ್ದಲ್ಲ. ಕಾಣದ ಕೆಲಸಕ್ಕೆ ಯಜಮಾನ ಇಲ್ಲದಂತಾಯಿತು, ಅಷ್ಟೇ.

ಸಫೇದ, ಸಿಂಧೂರ

ಡಬ್ಬಿಯ ಜೊತೆ ಇನ್ನೊಂದೂ ಬಂತು. ಅದನ್ನು ಮೇಷ್ಟ್ರುಗಳು ಮನಸ್ಸಿಟ್ಟು ಓದಬೇಕು.

ಹಿಂದಿನ ಕಾಲದ ಎಣ್ಣೆಯ ತಳಬಣ್ಣಕ್ಕೆ ಎಲ್ಲ ದೇಶದಲ್ಲೂ ಹೆಸರಾದದ್ದು ಸೀಸದ ಬಿಳುಪು, ಅಂದರೆ ಸಫೇದ. ಅದಕ್ಕೆ ಸ್ವಲ್ಪ ಸಿಂಧೂರ, ಅಂದರೆ ಸೀಸದ ಕೆಂಪು, ಕೂಡಿಸಿದರೆ ತಿಳಿಗುಲಾಬಿ ಬಣ್ಣ. ಅಂಗಡಿಯಲ್ಲಿ ಈಗಲೂ ಗುಲಾಬಿ ಬಣ್ಣದ ವುಡ್ ಪ್ರೈಮರ್ ಸಿಗುತ್ತದೆ. ಆ ಬಣ್ಣ ಹಳೆಯ ಪಾಕದ ನೆನಪು. ಸೀಸ ಎಣ್ಣೆಯನ್ನು ಬೇಗ ಒಣಗಿಸುತ್ತದೆ, ಮರಕ್ಕೆ ಬಿಗಿಯಾಗಿ ಹಿಡಿಯುತ್ತದೆ. ಅಷ್ಟು ಗುಣದ ಹಿಂದೆ ವಿಷ ಇದೆ. ಸೀಸದ ಧೂಳು ಹೊಟ್ಟೆಗೋ ಉಸಿರಿಗೋ ಹೋದರೆ ರಕ್ತಕ್ಕೆ ಸೇರುತ್ತದೆ. ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಕಲಿಕೆಯನ್ನು ಕುಗ್ಗಿಸುತ್ತದೆ. ಇದು ಹೊರಗೆ ಕಾಣುವ ರೋಗವಲ್ಲ.

1921ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯೊಳಗಿನ ಬಣ್ಣದಲ್ಲಿ ಸಫೇದದ ಬಳಕೆಗೆ ತಡೆ ಹಾಕುವ ಒಪ್ಪಂದ ಮಾಡಿತು. ಅಮೆರಿಕ 1978ರಲ್ಲಿ ಮನೆಬಣ್ಣದಿಂದ ಸೀಸವನ್ನು ಹೊರಹಾಕಿತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿತು. ಮನೆಗೆ ಬಳಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು. ಇದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಂದರೆ ಅದಕ್ಕಿಂತ ಮೊದಲು ಬಣ್ಣ ಕಂಡ ಬಾಗಿಲು, ಕಿಟಕಿ, ಬೆಂಚು, ಕಪ್ಪುಹಲಗೆಯ ಚೌಕಟ್ಟಿನಲ್ಲಿ ಸೀಸ ಇರಬಹುದು ಅಂತಲೇ ತಿಳಿದು ನಡೆಯಬೇಕು.

ಗಟ್ಟಿಯಾಗಿ ಕೂತ ಹಳೇ ಬಣ್ಣ ತನ್ನ ಪಾಡಿಗೆ ಇದ್ದರೆ ಅಪಾಯ ಕಡಿಮೆ. ಅಪಾಯ ಇರುವುದು ಅದು ಉದುರುವಾಗ, ಅದನ್ನು ಒಣಗಿದಂತೆಯೇ ಉಜ್ಜುವಾಗ. ಶಾಲೆಗೆ ಬಣ್ಣ ಹೊಡೆಸುವುದಾದರೆ ರಜೆಯಲ್ಲಿ ಮಾಡಿಸಿ. ಹಳೇ ಬಣ್ಣವನ್ನು ನೀರು ಹಾಕಿಕೊಂಡು, ನೀರಿಗೆ ತಡೆಯುವ ಉಪ್ಪುಕಾಗದದಿಂದ ಉಜ್ಜಬೇಕು. ಬೆಂಕಿ ಹಿಡಿದು ಸುಡಬಾರದು. ಕೆಳಗೆ ಪ್ಲಾಸ್ಟಿಕ್ ಹಾಸಿ, ಉದುರಿದ್ದನ್ನು ಕಟ್ಟಿ ದೂರ ಹಾಕಿಸಿ, ನೆಲವನ್ನು ಕಸಬರಿಗೆಯಲ್ಲಿ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಉಜ್ಜುವ ಕೂಲಿಯವರು ಮೂಗುಬಾಯಿ ಕಟ್ಟಿಕೊಳ್ಳಲಿ, ಊಟಕ್ಕೆ ಮುಂಚೆ ಕೈ ತೊಳೆಯಲಿ. ಮಕ್ಕಳನ್ನು ‘ಬರ್ರಿ, ಸ್ವಲ್ಪ ಉಜ್ಜಿಕೊಡ್ರಿ’ ಅಂತ ಈ ಕೆಲಸಕ್ಕೆ ಕರೆಯಲೇಬಾರದು.

ಈಗ ಮಾಡುವ ಕ್ರಮ

ಹಳೆಯ ಬುದ್ಧಿಯನ್ನು ಹೊಸ ಸಾಮಾನಿಗೆ ಕೂಡಿಸಿದರೆ ಕ್ರಮ ಹೀಗಾಗುತ್ತದೆ. ಮರ ಚೆನ್ನಾಗಿ ಒಣಗಿರಬೇಕು. ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮೊದಲು ಈ ಕೆಲಸ ಒಳ್ಳೆಯದು. ಎಳೆಯ ಉದ್ದಕ್ಕೆ ಉಜ್ಜಿ ಧೂಳು ಒರೆಸಬೇಕು. ಗಂಟು ಇದ್ದ ಕಡೆ ಅರಗಿನ ಪಾಲಿಶ್ ಒಂದು ಕೋಟು. ಬಾಗಿಲನ್ನು ನಿಲ್ಲಿಸುವ ಮೊದಲೇ ಆರೂ ಮೈಗೆ ಪ್ರೈಮರ್: ಮುಂದೆ, ಹಿಂದೆ, ಎರಡು ಪಕ್ಕ, ತಲೆ, ಪಾದ. ತಲೆಗೂ ಪಾದಕ್ಕೂ ಎರಡು ಸಲ. ಚೌಕಟ್ಟಿನ ಬೆನ್ನಿಗೂ ಗೋಡೆಗೆ ಸೇರಿಸುವ ಮೊದಲೇ ಹಚ್ಚಬೇಕು. ತೆಳ್ಳಗಿರಲಿ, ಒಣಗಲಿ.

ಲಪ್ಪಂ ತುಂಬುವುದು ಪ್ರೈಮರ್ ಆದ ಮೇಲೆ. ಬರೀ ಮರಕ್ಕೆ ಲಪ್ಪಂ ಹಾಕಿದರೆ ಮರ ಅದರ ಎಣ್ಣೆಯನ್ನು ಕುಡಿದು ಲಪ್ಪಂ ಪುಡಿಯಾಗಿ ಬೀಳುತ್ತದೆ. ತುಂಬಿ, ಉಜ್ಜಿ, ಇನ್ನೊಂದು ತೆಳು ಕೋಟು ಕೊಟ್ಟು, ಆಮೇಲೆ ಬಣ್ಣ. ಮರದ ಎಳೆ ಕಾಣಬೇಕು ಅನ್ನುವವರು ಬಣ್ಣದ ಪ್ರೈಮರ್ ಬಿಟ್ಟು ಅರಗು ಅಥವಾ ಸೀಲರ್ ಹಚ್ಚಿ ವಾರ್ನಿಶ್ ಕೊಡಲಿ. ತೇಗದ ಮರದಲ್ಲಿ ತನ್ನದೇ ಎಣ್ಣೆ ಇರುವುದರಿಂದ ಹಚ್ಚುವ ಮುಂಚೆ ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಕಾವೇರಿ ಬೆಂಕಿ ಹಿಡಿಯಬಲ್ಲದು. ಹರವಿ ಒಣಗಿಸಿ, ಇಲ್ಲವೆ ನೀರಲ್ಲಿ ಅದ್ದಿ.

ಊರಿನ ತೇರು, ಪಲ್ಲಕ್ಕಿ, ಗುಡಿಯ ಬಾಗಿಲಿನ ಬಗ್ಗೆ ಒಂದು ಮಾತು. ಪ್ರತಿ ಜಾತ್ರೆಗೂ ಹಳೆಯದನ್ನು ತೆಗೆಯದೆ ಅದರ ಮೇಲೆ ಇನಾಮಲ್ ಬಣ್ಣ ಬಳಿಯುತ್ತಾ ಹೋದರೆ ಬಣ್ಣ ದಪ್ಪನೆ ಚಿಪ್ಪಾಗುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇರುವುದಿಲ್ಲ. ಮೇಲೆ ಹೊಸದಾಗಿ ಕಾಣುವ ಮರ ಒಳಗೆ ಟೊಳ್ಳಾಗುತ್ತದೆ. ತೇರು ಸಾವಿರ ಜನರ ನಡುವೆ ಉರುಳುವಂಥದ್ದು. ಬಣ್ಣಕ್ಕೆ ಚಂದಾ ಎತ್ತುವಾಗಲೇ ಬಡಗಿಯನ್ನು ಕರೆದು ಅಚ್ಚು, ತೊಲೆ, ಗಾಲಿಗಳನ್ನು ಉಳಿಯಿಂದ ಚುಚ್ಚಿ ನೋಡಿಸುವುದು ಊರಿನ ಹಿರಿಯರ ಹೊಣೆ.

ಹಳೇ ಬಾಗಿಲುಗಳನ್ನು ಗುಜರಿಯವರಿಗೆ ಕೊಡುವವರಿಗೂ ಒಂದು ಕೇಳಿಕೆ. ಕೊಡುವ ಮೊದಲು ಅದರ ಮೈಯನ್ನು ಒಮ್ಮೆ ನೋಡಿ. ಯಾವ ಮರ, ಯಾವ ಎಣ್ಣೆ, ಯಾವ ಮಣ್ಣು, ಮಾಡಿದವರು ಯಾರು ಅಂತ ಮನೆಯ ಹಿರಿಯರನ್ನು ಕೇಳಿ, ನಾಲ್ಕು ಸಾಲು ಬರೆದು ವಾಚನಾಲಯಕ್ಕೆ ಕೊಡಿ. ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ಪಾಠವೂ ಆಗುತ್ತದೆ. ನಮ್ಮ ಸೀಮೆಯ ಬಡಗಿಗಳು, ಚಿತ್ರಗಾರರು ತಮ್ಮ ಪಾಕವನ್ನು ಪುಸ್ತಕದಲ್ಲಿ ಬರೆದಿಟ್ಟವರಲ್ಲ. ಅವರು ಬರೆದದ್ದು ಮರದ ಮೇಲೆ, ಅದೂ ಬಣ್ಣದ ಕೆಳಗೆ. ಬಾಗಿಲು ಲಾರಿ ಹತ್ತಿದ ಮೇಲೆ ಅದನ್ನು ಓದುವುದು ಹೇಗೆ?